ಮತ ಎಣಿಸುವ ವಿದ್ಯೆ ಯಾರದು?

ಚುನಾವಣೆ ಎಂದರೆ ಕಲಾ ವಿಭಾಗದವರ ಪಾಠ ಎಂದು ನಮ್ಮ ವಿಜ್ಞಾನ ವಿಭಾಗದ ಗೆಳತಿಯರು ಹೇಳುವುದನ್ನು ಕೇಳುತ್ತಿರುತ್ತೇನೆ. ಆದರೆ ಮತ ಎಣಿಸುವ ವಿಧಾನಗಳ ಬಗ್ಗೆ ಯಾರೆಲ್ಲ ಚಿಂತಿಸಿದ್ದಾರೆ ಎಂದು ಓದುತ್ತಾ ಹೋದಂತೆ, ಈ ವಿದ್ಯೆ ಯಾವ ಒಂದು ವಿಭಾಗದ ಸೊತ್ತೂ ಅಲ್ಲ ಎಂದು ನನಗೆ ತಿಳಿಯಿತು.

ಮೊದಲು ಒಂದು ಲೆಕ್ಕ ನೋಡೋಣ. 40 ವಿದ್ಯಾರ್ಥಿಗಳು ಪ್ರವಾಸದ ಸ್ಥಳ ಆರಿಸಬೇಕು. ಅವರ ಇಷ್ಟದ ಕ್ರಮ ಹೀಗಿದೆ:

17 ಮಂದಿ: ವಿಜಯಪುರ, ಜೋಗ, ಹಂಪಿ
13 ಮಂದಿ: ಹಂಪಿ, ಜೋಗ, ವಿಜಯಪುರ
10 ಮಂದಿ: ಜೋಗ, ಹಂಪಿ, ವಿಜಯಪುರ

ಮೊದಲ ಆಯ್ಕೆಯನ್ನಷ್ಟೇ ಎಣಿಸಿದರೆ 17 ಮತಗಳಿಂದ ವಿಜಯಪುರ ಗೆಲ್ಲುತ್ತದೆ. ಆದರೆ ಉಳಿದ 23 ಮಂದಿಗೆ ಅದು ಕೊನೆಯ ಆಯ್ಕೆ!

ಫ್ರಾನ್ಸಿನ ನೌಕಾಧಿಕಾರಿ ಬೋರ್ಡಾ 1770ರಲ್ಲಿ, ಕ್ರಮಕ್ಕೆ ತಕ್ಕಂತೆ ಅಂಕ ಕೊಡಬೇಕೆಂದರು. 2, 1, 0 ಎಂದು ಅಂಕ ಕೊಟ್ಟರೆ ಜೋಗಕ್ಕೆ 50, ಹಂಪಿಗೆ 36, ವಿಜಯಪುರಕ್ಕೆ 34. ಅದೇ ದೇಶದ ಗಣಿತಜ್ಞ ಕೊಂಡೋರ್ಸೆ 1785ರಲ್ಲಿ, ಇಬ್ಬಿಬ್ಬರನ್ನೇ ಎದುರುಬದುರು ಇಟ್ಟು ನೋಡಬೇಕೆಂದರು. ಹಾಗೆ ನೋಡಿದರೂ ಜೋಗವೇ ಎರಡನ್ನೂ ಸೋಲಿಸುತ್ತದೆ. ಇಂಥ ಜೋಡಿ ಹೋಲಿಕೆಯನ್ನು ಅವರಿಗಿಂತ ಸುಮಾರು 500 ವರ್ಷ ಮೊದಲೇ ಬರೆದಿಟ್ಟವರು ಮಯೋರ್ಕಾ ದ್ವೀಪದ ಕ್ರೈಸ್ತ ಚಿಂತಕ ರಾಮೋನ್ ಲ್ಯುಲ್. ಅವರು ಅರಬ್ಬೀ ಭಾಷೆಯನ್ನೂ ಕಲಿತವರು.

ಇಂಗ್ಲೆಂಡಿನ ವಕೀಲ ಥಾಮಸ್ ಹೇರ್ ಮತ ವರ್ಗಾವಣೆಯ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಆಯ್ಕೆಗೆ ಸೇರಿಸುವುದು ಅದರ ಒಂದು ಮುಖ್ಯ ಹಂತ. ಇಲ್ಲಿ ಜೋಗದ 10 ಮತಗಳು ಹಂಪಿಗೆ ಹೋಗಿ, 23 ಮತಗಳಿಂದ ಹಂಪಿ ಗೆಲ್ಲುತ್ತದೆ. ಮತಗಳು ಅವೇ, ಗೆದ್ದವರು ಮಾತ್ರ ಮೂವರು!

ಮಕ್ಕಳ ಕಥೆ 'ಆಲಿಸ್' ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡ್‌ನಲ್ಲಿ ಗಣಿತ ಬೋಧಕರಾಗಿದ್ದರು. ಅವರೂ ಈ ವಿಷಯದ ಮೇಲೆ ಕಿರುಪುಸ್ತಿಕೆಗಳನ್ನು ಬರೆದರು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಇಷ್ಟದ ಕ್ರಮವನ್ನು ಆಧರಿಸಿದ ಯಾವ ವಿಧಾನವೂ ಕೆಲವು ಸರಳ ನ್ಯಾಯದ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸಲಾರದು ಎಂದು 1951ರಲ್ಲಿ ತೋರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ. ಆ ಚಿಂತನೆಯನ್ನು ಮುಂದಕ್ಕೆ ಬೆಳೆಸಿದವರಲ್ಲಿ ನಮ್ಮ ಅಮರ್ತ್ಯ ಸೇನ್ ಪ್ರಮುಖರು.

ಇದು ದೂರದ ಮಾತಲ್ಲ. ನಮ್ಮ ರಾಷ್ಟ್ರಪತಿಯವರ ಆಯ್ಕೆಯಲ್ಲೂ, ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲೂ 1, 2, 3 ಎಂದು ಪ್ರಾಶಸ್ತ್ಯ ಮತ ಹಾಕುತ್ತಾರೆ. ಲೋಕಸಭೆಗೆ ಮಾತ್ರ ಒಂದೇ ಆಯ್ಕೆ. 18 ತುಂಬಿದ ಮೇಲೆ ನಾವೂ ಮತ ಹಾಕುವವರೇ. ಆದ್ದರಿಂದ ಯಾರಿಗೆ ಮತ ಎಂಬುದರ ಜೊತೆಗೆ ಹೇಗೆ ಎಣಿಸುತ್ತಾರೆ ಎಂಬುದನ್ನೂ ತಿಳಿದಿರಬೇಕು. ತರಗತಿಯ ಪ್ರತಿನಿಧಿಯನ್ನು ಆರಿಸುವಾಗಲೂ ಎಣಿಕೆಯ ನಿಯಮ ಮತದಾನಕ್ಕೆ ಮೊದಲೇ ತೀರ್ಮಾನವಾಗಿರಲಿ. ಇಲ್ಲವಾದರೆ ತಮಗೆ ಬೇಕಾದವರನ್ನು ಗೆಲ್ಲಿಸುವ ನಿಯಮವನ್ನೇ ಆಮೇಲೆ ಆರಿಸಿಕೊಳ್ಳಬಹುದು.

ನಿಮಗೊಂದು ಅಭ್ಯಾಸ: ಕೊನೆಯ ಸಾಲಿನ 10 ಮಂದಿ ವಿಜಯಪುರವನ್ನು ಎರಡನೆಯದಾಗಿ, ಹಂಪಿಯನ್ನು ಮೂರನೆಯದಾಗಿ ಬರೆದಿದ್ದರೆ ಯಾವ ವಿಧಾನದ ಫಲಿತಾಂಶ ಬದಲಾಗುತ್ತಿತ್ತು? ಲೆಕ್ಕ ಹಾಕಿ ನೋಡಿ.