ಬಸ್ಸು ಹತ್ತುವ ಮೊದಲು ಕೇಳಿ

ಅವ್ವನ ಕಣ್ಣಿಗೆ ಪೊರೆ ಬಂದಿದೆ ಅಂದ ಕೂಡಲೇ ದೇವದುರ್ಗದಿಂದ ರಾಯಚೂರಿನ ಬಸ್ಸು ಹತ್ತಬೇಡಿ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೇ ಹೋಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಶುರುವಾಗುವುದು ಸರ್ಕಾರಿ ಆಸ್ಪತ್ರೆಯಿಂದ. ಅಲ್ಲಿ ಆಗದಿದ್ದರೆ ಮುಂದಿನ ಆಸ್ಪತ್ರೆಗೆ ರೆಫರಲ್ ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ, ಮೆಟ್ಟಿಲಿನಿಂದಲೇ ವಾಪಸಾದ ಹಿರಿಯರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ತುರ್ತು ಸ್ಥಿತಿಗೆ ಮಾತ್ರ ಈ ನಿಯಮ ಸಡಿಲ.

ರಾಯಚೂರಿನಲ್ಲಿ ನನ್ನ ಮೊದಲ ಆಯ್ಕೆ ರಿಮ್ಸ್. ಸರ್ಕಾರಿ ವೈದ್ಯಕೀಯ ಕಾಲೇಜು, ಕಣ್ಣಿನ ವಿಭಾಗವಿದೆ. ಖಾಸಗಿ ಆಸ್ಪತ್ರೆಗೇ ಹೋಗಬೇಕಾದರೆ "ನಿಮ್ಮಲ್ಲಿ ಆಯುಷ್ಮಾನ್ ಕಾರ್ಡ್ ನಡೆಯುತ್ತದಾ?" ಎಂದಷ್ಟೇ ಕೇಳಿದರೆ ಸಾಲದು. ಹೃದಯಕ್ಕೋ ಮೂಳೆಗೋ ನೋಂದಣಿ ಇದ್ದು, ಕಣ್ಣಿಗೆ ಇಲ್ಲದಿರಬಹುದು. "ಕಣ್ಣಿನ ಪೊರೆ ಆಪರೇಷನ್‌ಗೆ ನಡೆಯುತ್ತದಾ? ಲೆನ್ಸ್‌ಗೆ ಬೇರೆ ದುಡ್ಡು ಕೇಳುತ್ತೀರಾ?" ಎಂದು ಬಿಡಿಸಿ ಕೇಳಿ. ನೋಂದಾಯಿತ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರ ಇರುತ್ತಾರೆ, ಅವರನ್ನೇ ಹುಡುಕಿ. ಊರಿನಿಂದಲೇ ವಿಚಾರಿಸಲು 104 ಸಹಾಯವಾಣಿ ಇದೆ.

ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ನೆರವು. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಉಳಿದದ್ದು ಕೈಯಿಂದ. ಸುಮ್ಮನೆ ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಳ್ಳುವ ಖರ್ಚು ಈ ಕಾರ್ಡಿನಲ್ಲಿ ಬರುವುದಿಲ್ಲ.

ರೇಷನ್ ಕಾರ್ಡ್, ಆಧಾರ್ ಎರಡರ ಅಸಲನ್ನೂ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಹಳೆಯ ಚೀಟಿಗಳನ್ನೂ ಒಯ್ಯಿರಿ. ಸಕ್ಕರೆ ಹತೋಟಿಗೆ ಬರುವ ತನಕ ಡಾಕ್ಟರು ಆಪರೇಷನ್ ಮುಂದೂಡಬಹುದು.