ಆಕ್ರಮಣದ ಬೆನ್ನಿಗೆ ಹುಟ್ಟುವ ಉಗ್ರವಾದ: ಕಾರಣ ಯಾವುದು?

ಹೊರನಾಡಿನ ಸೈನ್ಯವೊಂದು ಒಂದು ದೇಶಕ್ಕೆ ನುಗ್ಗುತ್ತದೆ. ಅಲ್ಲಿನ ಸರಕಾರ ಉರುಳುತ್ತದೆ. ಕೆಲವೇ ತಿಂಗಳಲ್ಲಿ ಪೇಟೆಗಳಲ್ಲಿ, ಮಸೀದಿಗಳ ಬಾಗಿಲಲ್ಲಿ ಬಾಂಬುಗಳು ಸಿಡಿಯತೊಡಗುತ್ತವೆ. ಇದಕ್ಕೆ ಹೊಣೆ ಯಾರು? ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಕಾಲೇಜಿಗೆ ಹೋಗುವ ಮಗ, ನುಗ್ಗಿದವರದೇ ತಪ್ಪು, ಬೇರೆ ಮಾತು ಬೇಡ ಎನ್ನುತ್ತಾನೆ. ಅವನ ಸಹಪಾಠಿ, ಎಲ್ಲವೂ ನಿಮ್ಮ ಧರ್ಮದ ಫಲ ಎಂದಿರುತ್ತಾನೆ. ಇಬ್ಬರಿಗೂ ಉತ್ತರ ಕೊಡಬೇಕಾದವರು ಹಿರಿಯರಾದ ನೀವು.

ಉತ್ತರಕ್ಕಾಗಿ ಬಗ್ದಾದಿಗೆ ಹೋಗುವ ಮೊದಲು ನಮ್ಮ ಮಂಡ್ಯ ಜಿಲ್ಲೆಗೆ ಬನ್ನಿ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪು ಸುಲ್ತಾನರ ಸೈನ್ಯಕ್ಕೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಹೋರಾಡುತ್ತಲೇ ಮಡಿದರು. ಅಂದು ರಾತ್ರಿ ಪಟ್ಟಣ ಸೂರೆಯಾಯಿತು. ಗೆದ್ದವರು ದೊಡ್ಡ ಸರದಾರರನ್ನು ಪಿಂಚಣಿ, ಜಹಗೀರುಗಳಿಂದ ಸಮಾಧಾನಪಡಿಸಿದರು. ಕಮರುದ್ದೀನ್ ಖಾನರಿಗೆ ಗುರ್ರಂಕೊಂಡದ ಜಹಗೀರು ದೊರೆಯಿತು. ಆದರೆ ಕೆಲಸ ಕಳೆದುಕೊಂಡ ಸಾಮಾನ್ಯ ಸವಾರನ ಗತಿಯೇನು? ಅವನ ಬಳಿ ಕತ್ತಿಯಿತ್ತು, ಅನ್ನವಿರಲಿಲ್ಲ.

ಅಂಥವರನ್ನು ಕೂಡಿಸಿಕೊಂಡವನು ಚನ್ನಗಿರಿಯ ಧೊಂಡಿಯ ವಾಘ್. ಮರಾಠ ಮನೆತನದಲ್ಲಿ ಹುಟ್ಟಿ, ಹೈದರಲಿಯ ಕುದುರೆಪಡೆಯಲ್ಲಿದ್ದು, ಆಮೇಲೆ ಕೊಳ್ಳೆಗೆ ಇಳಿದವನು. ಅವನನ್ನು ಸೆರೆಯಲ್ಲಿಟ್ಟವರು ಸ್ವತಃ ಟಿಪ್ಪು ಸುಲ್ತಾನರು ಎಂಬುದನ್ನು ಗಮನಿಸಿ. ಕೋಟೆ ಬಿದ್ದ ಗಲಿಬಿಲಿಯಲ್ಲಿ ಸೆರೆಯಿಂದ ಹೊರಬಂದ ಈ ಮನುಷ್ಯ ಬಿದನೂರು, ಶಿಕಾರಿಪುರ ಸೀಮೆಯಲ್ಲಿ ಸಾವಿರಾರು ಜನರ ದಂಡು ಕಟ್ಟಿ, ಉಭಯ ಲೋಕಾಧೀಶ್ವರನೆಂಬ ಬಿರುದು ಧರಿಸಿದ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದೆದುರು ಕಾದಿ ಸತ್ತ. ಕೆಲವರು ಅವನನ್ನು ಸ್ವಾತಂತ್ರ್ಯವೀರನೆನ್ನುತ್ತಾರೆ, ಕೆಲವರು ದರೋಡೆಗಾರನೆನ್ನುತ್ತಾರೆ. ಎರಡರಲ್ಲೂ ಅರ್ಧ ನಿಜವಿದೆ. ಆಕ್ರಮಣ ಅವನಿಗೆ ಬಾಗಿಲು ತೆರೆಯಿತು, ಬರಖಾಸ್ತಾದ ಸೈನ್ಯ ಕೈಗಳನ್ನು ಕೊಟ್ಟಿತು. ಲೂಟಿಯ ಚಾಳಿ ಮಾತ್ರ ಅವನಲ್ಲಿ ಮೊದಲೇ ಇತ್ತು.

ಈಗ ಇರಾಕನ್ನು ನೋಡಿ. 2003ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸೈನ್ಯಗಳು ಒಳನುಗ್ಗಿದವು. ಯಾವ ಮಾರಕಾಸ್ತ್ರಗಳ ನೆಪ ಹೇಳಿದರೋ ಅವು ಸಿಗಲೇ ಇಲ್ಲ. ಮೇ 23ರಂದು ಆಡಳಿತಾಧಿಕಾರಿ ಪಾಲ್ ಬ್ರೆಮರ್ ಇರಾಕಿನ ಸೈನ್ಯವನ್ನೇ ವಿಸರ್ಜಿಸಿದ. ಲಕ್ಷಾಂತರ ಮಂದಿ ಒಂದೇ ಆದೇಶದಿಂದ ಬೀದಿಗೆ ಬಿದ್ದರು. 1799ರಲ್ಲಿ ಸರದಾರರಿಗಾದರೂ ಪಿಂಚಣಿಯಿತ್ತು. ಇಲ್ಲಿ ಮೊದಲಿಗೆ ಹಿರಿಯ ಅಧಿಕಾರಿಗಳನ್ನೂ ಬರಿಗೈಯಲ್ಲಿ ಅಟ್ಟಲಾಯಿತು. 2004ರಲ್ಲಿ ಅಬೂ ಗುರೈಬ್ ಸೆರೆಮನೆಯ ಚಿತ್ರಗಳು ಹೊರಬಿದ್ದವು. ಇಷ್ಟಾದ ಮೇಲೂ ಬಂಡಾಯ ಏಳದಿದ್ದರೆ ಅದೇ ಆಶ್ಚರ್ಯ. ಮಗನ ಮಾತಿನಲ್ಲಿ ಇಷ್ಟು ಸತ್ಯವಿದೆ, ಅದನ್ನು ಒಪ್ಪಿಕೊಳ್ಳಿ.

ಆದರೆ ಅವನನ್ನು ಒಂದು ಪ್ರಶ್ನೆ ಕೇಳಿ. 2003ರ ಆಗಸ್ಟ್ 29ರಂದು ನಜಫಿನಲ್ಲಿ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದವರ ನಡುವೆ ಬಾಂಬು ಸಿಡಿದು ಆಯತುಲ್ಲಾ ಮುಹಮ್ಮದ್ ಬಾಕಿರ್ ಅಲ್ ಹಕೀಮರೊಂದಿಗೆ ಹಲವಾರು ಮಂದಿ ಸತ್ತರಲ್ಲ, ಅವರಲ್ಲಿ ಆಕ್ರಮಣಕಾರ ಯಾರಿದ್ದ? ಪೇಟೆಗೆ ತರಕಾರಿ ಕೊಳ್ಳಲು ಬಂದ ಹೆಂಗಸು ಯಾರ ಸೈನಿಕಳು? ಬೀದಿಗೆ ಬಿದ್ದ ಸೈನಿಕನ ಹಸಿವು ಬಂದೂಕನ್ನು ವಿವರಿಸಬಹುದು. ನಮಾಝಿಗಳ ಕೊಲೆಯನ್ನು ಅದು ವಿವರಿಸುವುದಿಲ್ಲ. ಅದಕ್ಕೆ, ತಮ್ಮನ್ನು ಬಿಟ್ಟವರೆಲ್ಲ ಕಾಫಿರರು ಎಂದು ಕಲಿಸುವ ಇನ್ನೊಂದು ರೋಗ ಬೇಕು.

ಆ ರೋಗ ಹೊಸದಲ್ಲ. ಸಿಫ್ಫೀನ್ ಯುದ್ಧದ ನಂತರ ಹಝ್ರತ್ ಅಲೀ(ರ)ಯವರ ಪಾಳೆಯದಿಂದ ಸಿಡಿದುಹೋದ ಖವಾರಿಜರ ಕಥೆ ನಿಮಗೆ ತಿಳಿದದ್ದೇ. ಅವರಲ್ಲೊಬ್ಬನು ಮರದಿಂದ ಉದುರಿದ ಖರ್ಜೂರವನ್ನು ಬಾಯಿಗೆ ಹಾಕಿದಾಗ, ಬೆಲೆ ಕೊಡದ ಹಣ್ಣೆಂದು ಉಗುಳಿಸಿದರಂತೆ. ಅದೇ ಜನ ಸಹಾಬಿ ಖಬ್ಬಾಬ್(ರ)ರ ಮಗ ಅಬ್ದುಲ್ಲಾರನ್ನೂ ಅವರ ಗರ್ಭಿಣಿ ಪತ್ನಿಯನ್ನೂ ಕೊಂದರೆಂದು ಇತಿಹಾಸಕಾರರು ಬರೆದಿದ್ದಾರೆ. ಇವರ ಮೇಲೆ ಯಾವ ಪರದೇಶದ ಸೈನ್ಯವೂ ದಾಳಿ ಮಾಡಿರಲಿಲ್ಲ. 661ರಲ್ಲಿ ಅಲೀ(ರ)ಯವರ ಪ್ರಾಣ ತೆಗೆದದ್ದೂ ಇದೇ ಗುಂಪಿನ ಕೈ.

ಸಹಪಾಠಿಯ ಆರೋಪಕ್ಕೂ ಉತ್ತರ ಇಲ್ಲೇ ಇದೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಕದಲಿಸಬಾರದೆಂಬುದು ಅಲ್ ಮಾಇದಃ ಅಧ್ಯಾಯದ 8ನೇ ಸೂಕ್ತದ ಆದೇಶ. ತಮ್ಮೊಡನೆ ಯುದ್ಧ ಮಾಡುವವರೊಡನೆ ಹೋರಾಡುವಾಗಲೂ ಮೇರೆ ಮೀರಬಾರದೆಂದು ಅಲ್ ಬಕರದ 190ನೇ ಸೂಕ್ತ ಕಟ್ಟುಮಾಡಿದೆ. ಹಝ್ರತ್ ಅಬೂಬಕರ್(ರ) ಸೈನ್ಯವನ್ನು ಬೀಳ್ಕೊಡುವಾಗ ಹೆಂಗಸರು, ಮಕ್ಕಳು, ಮುದುಕರನ್ನಷ್ಟೇ ಅಲ್ಲ, ಹಣ್ಣಿನ ಮರವನ್ನೂ ಮುಟ್ಟಬೇಡಿರೆಂದರು. ಬಾಂಬಿಟ್ಟವನು ಈ ಧರ್ಮವನ್ನು ಪಾಲಿಸಿದವನಲ್ಲ, ಮುರಿದವನು.

ಖವಾರಿಜರ ಕಥೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗವೊಂದಿದೆ. ಕತ್ತಿ ಹಿರಿಯುವ ಮೊದಲು ಇಬ್ನು ಅಬ್ಬಾಸ್(ರ) ಅವರ ಬಳಿಗೆ ಹೋಗಿ, ಕುಳಿತು, ಒಂದೊಂದು ಆಕ್ಷೇಪವನ್ನೂ ಪೂರ್ತಿ ಕೇಳಿ ಉತ್ತರ ಹೇಳಿದರು. ಬಹುದೊಡ್ಡ ಸಂಖ್ಯೆಯ ಜನ ಹಿಂದಿರುಗಿದರು. ಮಗ ಕೋಪದಿಂದ ಮಾತನಾಡಿದಾಗ ಬಾಯಿ ಮುಚ್ಚಿಸುವ ತಂದೆ ಈ ಪ್ರಸಂಗವನ್ನು ಒಮ್ಮೆ ಓದಲಿ.

ಅನ್ಯಾಯವನ್ನು ಎದುರಿಸುವ ದಾರಿ ಬೇರೆ ಏನಿದೆ ಎಂದು ಅವನು ಕೇಳಿದರೆ, ಮದ್ದೂರಿನ ಬಳಿಯ ಶಿವಪುರವನ್ನು ತೋರಿಸಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ತ್ರಿವರ್ಣ ಧ್ವಜ ಹಾರಿಸಬಾರದೆಂಬ ಆಜ್ಞೆಯನ್ನು ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಬಹಿರಂಗವಾಗಿ ಮುರಿದು, ಸಂಗಡಿಗರೊಂದಿಗೆ ಬಂಧನಕ್ಕೊಳಗಾದರು. ಇದು ಆಕ್ರಮಣದ ಹಸಿಗಾಯದ ಕಾಲವಲ್ಲ, ಹೋಲಿಕೆ ಪೂರ್ತಿ ಹೊಂದುವುದಿಲ್ಲ, ನಿಜ. ಆದರೆ ಇಲ್ಲೂ ರಕ್ತ ಹರಿಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಜನರನ್ನು ಕೊಂದರು. ಆಗಲೂ ಚಳವಳಿಯ ಮುಂದಾಳುಗಳು ಬಂದೂಕು ಹಿಡಿಯಲಿಲ್ಲ. ಸರದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಸರ್ ಮಿರ್ಝಾ ಇಸ್ಮಾಯೀಲರೊಡನೆ ಮಾತುಕತೆ ನಡೆಸಿದರು. ಆ ವರ್ಷದ ಮೇ ತಿಂಗಳಲ್ಲಿ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಗೆ ತ್ರಿವರ್ಣ ಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು.