ತಡವಾದರೂ ದೂರು ಕೊಡಿ

“ಕಳುವಾಗಿ ಎಂಟು ದಿನ ಆತು. ಈಗ ಠಾಣೆಗೆ ಹೋದ್ರ ಬರಕೊಂತಾರೇನ್ರಿ?” ಎಂದು ಬಹಳ ಜನ ಕೇಳುತ್ತಾರೆ. ಬರೆದುಕೊಳ್ಳಲೇಬೇಕು. ದೂರು ಕೊಡಲು ಇಂತಿಷ್ಟೇ ದಿನ ಎಂದು ಕಾನೂನು ಹೇಳಿಲ್ಲ.

2019ರ ಫೆಬ್ರವರಿ. ಹಂಪಿಯ ಕಲ್ಲುಕಂಬಗಳನ್ನು ಯುವಕರು ಉರುಳಿಸುವ ವಿಡಿಯೊ ಹೊರಬಂತು. ದೂರು ದಾಖಲಾದದ್ದು ಆಮೇಲೆ. ಆದರೂ ನಾಲ್ವರು ಸಿಕ್ಕಿಬಿದ್ದರು. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು. ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ನಿಲ್ಲಿಸಿದರು.

ಕಾಲಮಿತಿ ಇರುವುದು ಕೋರ್ಟು ಕೇಸು ತೆಗೆದುಕೊಳ್ಳುವುದಕ್ಕೆ. ಬರೀ ದಂಡದ ಅಪರಾಧಕ್ಕೆ 6 ತಿಂಗಳು. 1 ವರ್ಷದ ತನಕ ಸಜೆ ಇದ್ದರೆ 1 ವರ್ಷ. 3 ವರ್ಷದ ತನಕ ಇದ್ದರೆ 3 ವರ್ಷ. ಕೊಲೆ, ಅತ್ಯಾಚಾರ, ದರೋಡೆಗೆ ಮಿತಿಯೇ ಇಲ್ಲ.

“ಯಾಕೆ ತಡ?” ಎಂದು ಮಾತ್ರ ಕೇಳಿಯೇ ಕೇಳುತ್ತಾರೆ. ಅಂಜಿಕೆ ಇತ್ತು, ಆಸ್ಪತ್ರೆಯಲ್ಲಿದ್ದೆ, ಗುಳೆ ಹೋಗಿದ್ದೆ, ಇದ್ದದ್ದನ್ನೇ ಬರೆಸಿ.

ಕಂಪ್ಲಿಯವರ ಸರ ಹಂಪಿ ಜಾತ್ರೆಯಲ್ಲಿ ಕಳುವಾದರೆ ಕಂಪ್ಲಿ ಠಾಣೆಯಲ್ಲೇ ದೂರು ಕೊಡಬಹುದು. “ನಮ್ಮ ಸರಹದ್ದಲ್ಲ” ಎಂದು ಸಾಗಹಾಕುವಂತಿಲ್ಲ. ಈಗ ನಿಮಗೆ ಓದು ಬರುತ್ತದೆ. ಬರೆದದ್ದನ್ನು ನೀವೇ ಓದಿ, ಸರಿ ಇದ್ದರೆ ರುಜು ಹಾಕಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದು ಪುಕ್ಕಟೆ.

ಠಾಣೆಯವರು ಬರೆದುಕೊಳ್ಳದಿದ್ದರೆ ಜಿಲ್ಲೆಯ ಎಸ್‌.ಪಿ.ಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ.